ಕಣ್ಣು ತೆರೆದಿರುವ ಲಿಗೋರಿ

26 ಫೆಬ್ರವರಿ 1963, ಮಂಗಳವಾರ

ದೋಣಿ ತಡ. ಮೊದಲ ಪಿರಿಯಡ್ ತಪ್ಪಿತು. ಉಳ್ಳಾಲದ ಕಡವಿನಲ್ಲಿ ಈಗ ಟಿಕೆಟ್ ಹರಿಯುವವ ಹೊಸಬ, ಮುಖ ಎತ್ತುವುದೂ ಇಲ್ಲ. ಮೊದಲು ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಲಿಗೋರಿ ಟೈಫಾಯ್ಡ್‌ನಲ್ಲಿ ಹೋಗಿ ಒಂದೂವರೆ ವರ್ಷ ಆಯಿತು. ಆದರೂ ಆ ಕಿಟಕಿ ಹತ್ತಿರ ಬಂದರೆ ಸೆರಗು ಸರಿ ಮಾಡಿಕೊಳ್ಳುತ್ತೇನೆ. ಹುಚ್ಚು.

ಸ್ಟಾಫ್ ರೂಮಿನಲ್ಲಿ ಉಮಾವತಿ ಟೀಚರ್: "ನಮ್ಮ ಕಡವಿನಲ್ಲಿ ಮದ್ರಾಸಿನವರು ಶೂಟಿಂಗ್ ಮಾಡಿದ್ದರಲ್ಲ, ಆ ಪಿಕ್ಚರ್ ಬಂತು ಮಾರಾಯ್ತಿ! ಶುಕ್ರವಾರದಿಂದ."

ಲಿಗೋರಿ ಅದರಲ್ಲಿ ಇದ್ದಾನೆ. ಅವನು ಟಿಕೆಟ್ ಹರಿಯುವುದನ್ನು ಕ್ಯಾಮೆರಾದಲ್ಲಿ ತೆಗೆದುಕೊಂಡಿದ್ದರು. ನಾನು ಅಲ್ಲೇ ನಿಂತು ನೋಡಿದ್ದೆ.

ಸಂಜೆ

ಅವನದು ಬೇರೆ ಫೋಟೋ ಇಲ್ಲ. ಇರುವುದು ಒಂದು — ಅವನ ಅಮ್ಮ ಜೂಲಿ ಬಾಯಿಯ ಮನೆ ಗೋಡೆಯಲ್ಲಿ. ಶವಪೆಟ್ಟಿಗೆಯ ಸುತ್ತ ಮನೆಯವರೆಲ್ಲ ನಿಂತು ತೆಗೆಸಿದ್ದು. ಅದರಲ್ಲಿ ಅವನ ಕಣ್ಣು ಮುಚ್ಚಿದೆ. ನಾನು ಅದರಲ್ಲಿಲ್ಲ. ಮನೆಯವಳಲ್ಲವಲ್ಲ. ಮಳೆ ಬಿಟ್ಟ ಮೇಲೆ ಹೆಣ್ಣು ಕೇಳಲಿಕ್ಕೆ ಜನ ಕಳಿಸ್ತೇನೆ ಅಂದಿದ್ದ. ಆ ಮಳೆಗಾಲದಲ್ಲೇ ಹೋದ. ನಮ್ಮಿಬ್ಬರ ಸಂಗತಿ ಇನ್ಯಾರಿಗೂ ಗೊತ್ತಿಲ್ಲ. ಈ ಪುಸ್ತಕಕ್ಕೆ ಗೊತ್ತು. ನನ್ನ ಅಮ್ಮನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ಪುಣ್ಯ.

ನಾಳೆಯಿಂದ ಕರೆಜ್ಮ, ಉಪವಾಸದ ಕಾಲ. ಈಸ್ಟರಿನವರೆಗೆ ಮಾಂಸ ಇಲ್ಲ, ಸಿನಿಮಾ ಇಲ್ಲ. ಅಷ್ಟು ದಿನ ಪಿಕ್ಚರ್ ಎಲ್ಲಿ ನಿಲ್ಲುತ್ತದೆ? ದೇವರು ಕ್ಷಮಿಸಲಿ, ಹೋಗುತ್ತೇನೆ.

3 ಮಾರ್ಚ್, ಆದಿತ್ಯವಾರ

ಉಮಾವತಿ ಜೊತೆ ಮ್ಯಾಟಿನಿ. ಎಂತ ಪಿಕ್ಚರ್ ಅದು! ಕರ್ಮ! ಅರ್ಧ ಡಾಕ್ಯುಮೆಂಟರಿ, ಅರ್ಧ ಪ್ರೇಮ. ಹೀರೋಯಿನ್ ಕೊಡೆ ತಲೆಕೆಳಗೆ ಹಿಡಿದು ಗಂಡು ಹುಡುಕಿಕೊಂಡು ದೋಣಿ ಹತ್ತುತ್ತಾಳೆ. ಹೀರೋ ಕಾಗೆ ಹತ್ತಿರ ಮಾತಾಡುತ್ತಾನೆ. ಅವರು ಕೈ ಹಿಡಿಯಬೇಕು ಅನ್ನುವಾಗ ಹಿನ್ನೆಲೆಯಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡು, ಈ ಕರಾವಳಿಯಲ್ಲಿ ವರ್ಷಕ್ಕೆ ಇಷ್ಟು ಬೂತಾಯಿ ಮೀನು ಅಂತ ಪಾಠ ಹೇಳುತ್ತಾನೆ. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಅವನು.

ಟಿಕೆಟ್ ಹರಿದ. ತಲೆ ಎತ್ತಿದ. ನಕ್ಕ. ಕಣ್ಣು ತೆರೆದಿತ್ತು... ಮರುಕ್ಷಣ ಆ ಹೀರೋಯಿನ್ ಕೊಡೆ ಇಳಿಸಿ ನಾಚಿಕೊಂಡಳು. ಥಿಯೇಟರಿಡೀ ಸೀಟಿ.

ಆ ನಗು ನನ್ನದು! ಕ್ಯಾಮೆರಾದ ಪಕ್ಕ, ಮೆಟ್ಟಿಲ ಹತ್ತಿರ ನಿಂತಿದ್ದವಳು ನಾನು. ಅವಳು ಆ ದಿನ ಮಂಗಳೂರಿಗೇ ಬಂದಿರಲಿಲ್ಲ. ಅವಳನ್ನು ಮದ್ರಾಸಿನಲ್ಲಿ ತೆಗೆದು ಅಂಟಿಸಿದ್ದಾರೆ. ಒಂದಲ್ಲ ಒಂದು ದಿನ ಜೂಲಿ ಬಾಯಿ ಇದನ್ನು ನೋಡುತ್ತಾರೆ, ನನ್ನ ಮಗ ಹೀಗೆ ನಗುವುದು ಯಾರಿಗೆ ಅಂತ ಕೇಳುತ್ತಾರೆ, ಆಗ ಹೇಳಿಬಿಡಬಹುದು ಅಂತ ಕಾದಿದ್ದೆ. ಈಗ ಊರಿಗೆಲ್ಲ ಅವನು ಆ ಕೊಡೆಯವಳನ್ನು ನೋಡಿ ನಕ್ಕವ.

"ಅಳುವುದೆಂತಕ್ಕೆ? ಕಾಮಿಡಿ ಅಲ್ವಾ ಇದು?" ಉಮಾವತಿ ಕೇಳಿದಳು. ತಲೆನೋವು ಅಂದೆ.

7 ಮಾರ್ಚ್

ಮಧ್ಯಾಹ್ನ ರಜೆ ಹಾಕಿ ಒಬ್ಬಳೇ ಹೋದೆ. ಈ ಸಲ ಅವನು ನಿಜವಾಗಿಯೂ ಅವಳಿಗೇ ನಗುತ್ತಿದ್ದಾನೆ ಅಂತ ಕಂಡಿತು. ಹೆದರಿಕೆಯಾಯಿತು. ಅವಳು ಬರುವಾಗ ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೆ ಶವಪೆಟ್ಟಿಗೆಯಲ್ಲಿನ ಅವನ ಮುಖ.

ಬೆಳಿಗ್ಗೆ ಕಡವಿನ ಕಿಟಕಿ ನೋಡಲಿಲ್ಲ. ಯಾರೋ ತಲೆ ಎತ್ತಿದ ಹಾಗಾಯಿತು.

10 ಮಾರ್ಚ್, ಆದಿತ್ಯವಾರ

ಚರ್ಚಿನಲ್ಲಿ ಪೂಜೆ ಮುಗಿದು ಹೊರಬಂದಾಗ ಜೂಲಿ ಬಾಯಿ ಕೈ ಹಿಡಿದು ಎಳೆದರು. ದನಿ ತಗ್ಗಿಸಿ, "ಲಿಲ್ಲಿ, ನಾನು ಹೋಗಿದ್ದೆ. ಕರೆಜ್ಮದಲ್ಲಿ! ಪಾದ್ರಿಗಳ ಹತ್ತಿರ ಪಾಪ ಹೇಳಿಕೊಳ್ತೇನೆ, ಆಯ್ತಲ್ಲ? ಕಣ್ಣು ತೆರೆದಿದ್ದಾನೆ ಮಗೂ ಅವನು, ನೋಡಿದೆಯಾ?"

ತಲೆ ಆಡಿಸಿದೆ.

"ನನ್ನ ಮಗಳು ಜೋನ್ ಹೇಳ್ತಾಳೆ, ಅಣ್ಣ ಆ ನಟಿಗೆ ನಗುವುದಂತೆ. ಸುಳ್ಳು! ಆ ದಿನ ಅವನಿಗೆ ಗಂಜಿ ತಂದದ್ದು ನಾನು. ಬಾದಾಮಿ ಮರದ ಅಡಿಯಲ್ಲಿ ತೂಕುಪಾತ್ರೆ ಹಿಡಿದು ನಿಂತಿದ್ದೆ. ನೀನು ಈಚೆ ಮೆಟ್ಟಿಲ ಹತ್ತಿರ ಇದ್ದೆ, ನೆನಪುಂಟು ನನಗೆ. ನೀನೇ ಹೇಳು, ಅವನು ನಕ್ಕದ್ದು ನನ್ನನ್ನು ನೋಡಿ ಅಲ್ವಾ?"

ಜೂಲಿ ಬಾಯಿ ಗಂಜಿ ತಂದದ್ದು ನನಗೆ ಮರೆತೇ ಹೋಗಿತ್ತು. ನನ್ನ ಕೈ ಬಿಡುತ್ತಿಲ್ಲ. ಬೆರಳೆಲ್ಲ ಎಲುಬು. ನಾನು, ಬಾಯಿ, ನಾನು — ಅನ್ನಬೇಕು ಅಂತ ನಾಲಿಗೆ ತುದಿಗೆ ಬಂತು.

"ಹೌದು ಬಾಯಿ. ನಿಮ್ಮನ್ನೇ."

ಅಲ್ಲೇ ಅತ್ತುಬಿಟ್ಟರು. ಜನ ನೋಡಿದರು.

ಮನೆಗೆ ಬಂದು ಊಟ ಸೇರಲಿಲ್ಲ. ನನಗೆ ಇದ್ದದ್ದು ಆ ನಗು ಒಂದೇ. ಅದನ್ನೂ ಕೊಟ್ಟೆ.

14 ಮಾರ್ಚ್, ಗುರುವಾರ

ಇವತ್ತೇ ಕೊನೆ. ನಾಳೆ ಬೇರೆ ಪಿಕ್ಚರ್. ಎದುರಿನ ಬೆಂಚಿನಲ್ಲಿ ಕೂತೆ, ಬೀಡಿ ಹೊಗೆಯಲ್ಲಿ. ಇಡೀ ಪಿಕ್ಚರಿನಲ್ಲಿ ಅವನ ಕಣ್ಣು ಮಾತ್ರ ನೋಡಬೇಕು ಅಂತ ಹಟ.

ನೋಡಿದೆ. ತಲೆ ಎತ್ತುತ್ತಾನೆ. ಕಣ್ಣು ಮೊದಲು ಹೋಗುವುದು ಮರದ ಕಡೆಗೆ. ನಗು ಶುರುವಾಗುವುದೂ ಅಲ್ಲಿಗೇ. ಜೂಲಿ ಬಾಯಿಗೆ ನಾನು ಹೇಳಿದ್ದು ಸುಳ್ಳಲ್ಲ. ಎರಡು ವರ್ಷ ನಾನೇ ನನಗೆ ಸುಳ್ಳು ಹೇಳಿಕೊಂಡು...

ಆದರೆ ನಗು ಮುಗಿಯುವುದಿಲ್ಲ. ನಗುತ್ತಲೇ ಕತ್ತು ಈಚೆಗೆ ತಿರುಗಿಸುತ್ತಾನೆ, ಮೆಟ್ಟಿಲ ಕಡೆಗೆ. ಅಷ್ಟರಲ್ಲಿ ಕತ್ತರಿಸಿ ಆ ಕೊಡೆಯವಳನ್ನು ತಂದಿದ್ದಾರೆ. ಇನ್ನೊಂದು ಚೂರು ಬಿಟ್ಟಿದ್ದರೆ, ಕಣ್ಣು ಮುಚ್ಚಿ ತೆರೆಯುವಷ್ಟು, ಅವನು ನನ್ನನ್ನು —