ಹತ್ತನೇ ಮುದ್ದೆ ನುಂಗುವ ತನಕ ಶತಮಾನ ಮುಗಿಯುವುದಿಲ್ಲವಂತೆ

ಕ್ರಿಸ್ತಶಕ ಎರಡು ಸಾವಿರದ ನಾನೂರನೇ ಇಸವಿ, ಡಿಸೆಂಬರ್ ಮೂವತ್ತೊಂದು, ಬೆಳಗಿನ ಗಂಟೆ ಹೊಡೆದ ಮೇಲೆ.

ಇಪ್ಪತ್ತೊಂದನೇ ಶತಮಾನದ ಮಾನ್ಯ ಪೂರ್ವಿಕರ ಪಾದಗಳಿಗೆ, ಬೈಚೇಶನೆಂಬ ಹದಿನೆಂಟು ವರ್ಷದ ಮೋಸಹೋದ ಪ್ರಾಣಿಯ ಸಾಷ್ಟಾಂಗ ನಮಸ್ಕಾರಗಳು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೇ ಲಗ್ನಪತ್ರಿಕೆಗಳಿಂದ ಮತ್ತು ಬಸ್‌ಸ್ಟ್ಯಾಂಡಿನ ಬೋರ್ಡುಗಳಿಂದ. ಆದಕಾರಣ ಒಂದು ಕಡೆ ವಿನಯ ಅತಿಯಾಗಿ, ಇನ್ನೊಂದು ಕಡೆ ‘ಇಲ್ಲಿ ಉಗುಳಬಾರದು’ ಅನ್ನುವ ಗತ್ತು ಕಂಡರೆ ಕ್ಷಮಿಸಬೇಕು. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಇದಕ್ಕೆ ಉತ್ತರ ಬರುವ ಏರ್ಪಾಡಿಲ್ಲ. ಬೈಯುವುದಕ್ಕೆ ಇಷ್ಟು ಅನುಕೂಲವಾದ ಅಂಚೆ ಇನ್ನೊಂದಿಲ್ಲ.

ನಾವು ಕೋಲಾರದ ಕಡೆಯ ಹಳೇ ಚಿನ್ನದ ಗಣಿಯೊಳಗೆ ವಾಸವಾಗಿದ್ದೇವೆ. ಮೇಲೆ ಸೆಕೆ ಮಿತಿಮೀರಿದಾಗ ನಮ್ಮ ಮುತ್ತಜ್ಜಂದಿರು ಮಕ್ಕಳುಮರಿ, ಒರಳುಕಲ್ಲು, ಅವರೆ ಬೀಜ ಎಲ್ಲ ಕಟ್ಟಿಕೊಂಡು ಕೆಳಗಿಳಿದರು. ದೀಪದ ಬೆಳಕಿನಲ್ಲಿ ರಾಗಿ ಬೆಳೆಯುತ್ತೇವೆ; ಪೈರು ಬೆಳ್ಳಗೆ, ಮುದ್ದೆ ಮಾತ್ರ ಕಪ್ಪಗೇ ಇದೆ, ದೇವರು ದೊಡ್ಡವನು. ನಮಗೆ ಬೆಳಗಾಗುವುದಿಲ್ಲ, ಪಾಪೆಮ್ಮಜ್ಜಿ ಬೆಳಗು ಮಾಡುತ್ತಾಳೆ. ಆಕೆ ಗಂಟೆ ಹೊಡೆದರೆ ಹಗಲು, ಮತ್ತೆ ಹೊಡೆದರೆ ರಾತ್ರಿ. ಆಕೆಗೆ ನೆಗಡಿಯಾದ ದಿನ ಊರೆಲ್ಲ ಮಧ್ಯಾಹ್ನದವರೆಗೆ ಮಲಗಿರುತ್ತದೆ. ಗಣಿಯ ಬಾಯಿಗೆ ಒಂದು ದಪ್ಪ ಕಬ್ಬಿಣದ ಬಾಗಿಲಿದೆ, ಅದೇ ಬಿಸಿಲಬಾಗಿಲು. ಇಳಿದವರು ಅದನ್ನು ಹಾಕುವಾಗ ಒಂದು ಕಟ್ಟಳೆ ಮಾಡಿದರು: ಶತಮಾನ ಕಳೆದು ಹೊಸದು ಹುಟ್ಟಿದ ಬೆಳಗ್ಗೆ ಬಾಗಿಲು ತೆಗೆಯಬೇಕು, ಆ ವರ್ಷ ಹದಿನೆಂಟು ತುಂಬುವವರು ಹೊರಗೆ ಹೋಗಿ ಸೂರ್ಯ ಹುಟ್ಟುವುದನ್ನು ನೋಡಿ ಬಂದು ಊರಿಗೆಲ್ಲ ಹೇಳಬೇಕು, ಆಮೇಲೆ ಇನ್ನು ನೂರು ವರ್ಷ ಬಾಗಿಲು ಬಂದ್. ತೆಗೆಯುವ ಸರದಿ ಬಂದಿರುವುದು ಇದೇ ಮೊದಲು. ಇಷ್ಟೆಲ್ಲ ಯೋಚಿಸಿದ ಮಹಾನುಭಾವರು, ಶತಮಾನ ಯಾವತ್ತು ಹುಟ್ಟುತ್ತದೆ ಅನ್ನುವುದೊಂದನ್ನು ಹೇಳಲು ಮರೆತರು.

ನಮ್ಮಲ್ಲಿ ವರ್ಷಕ್ಕೆ ಒಂದು ಮಗು ಹುಟ್ಟಿದರೆ ಹಬ್ಬ. ನಾನೂರನೇ ಇಸವಿಗೆ ಹದಿನೆಂಟು ತುಂಬುವವನು ನಾನೊಬ್ಬನೇ. ನಾನೂರ ಒಂದಕ್ಕೆ ತುಂಬುವವನು ಸೊಣ್ಣೇಶ, ನನ್ನ ಪ್ರಾಣಸ್ನೇಹಿತ. ಪ್ರಾಣಸ್ನೇಹಿತ ಎಂದು ಬರೆದದ್ದು ಅಭ್ಯಾಸಬಲದಿಂದ. ಹೊಡೆದುಹಾಕುವ ಹಾಗಿಲ್ಲ, ಹಿಂದೋಲೆಯಲ್ಲಿ ಕಾಟುಹಾಕಿದರೆ ಅಂಚೆಯವರು ತಗೊಳ್ಳುವುದಿಲ್ಲ.

ಹೋದ ವರ್ಷದ ಕೊನೆಗೆ ಆ ದಿನ ಯಾವುದೆಂದು ತೀರ್ಮಾನಿಸಲು ಪಾಪೆಮ್ಮಜ್ಜಿ ಸಭೆ ಕರೆದಳು. ಸಭೆಯಲ್ಲಿ ವಾದ ಮಾಡುವವನು ಹಿಂದಿನ ದಿನ ಒಬ್ಬ ಗೆಳೆಯನನ್ನು ಕೂರಿಸಿಕೊಂಡು ತನ್ನ ಎದುರಾಳಿಯ ವಾದವನ್ನು ಅವನ ಬಾಯಲ್ಲಿ ಆಡಿಸಬೇಕು, ಅದು ನಮ್ಮೂರ ಪದ್ಧತಿ. ಅದಕ್ಕೆ ಅದಲುಮಾತು ಅನ್ನುತ್ತೇವೆ. ನಾನು ಸೊಣ್ಣನನ್ನು ಕೂರಿಸಿದೆ. ಅವನು ನನ್ನ ಪರ ಅಂತ ಮೊದಲೇ ಆಣೆಯಾಗಿತ್ತು. ಪ್ರತಿಯಾಗಿ ಅವನನ್ನು ನನ್ನ ಬಾಗಿಲುಗಾರನಾಗಿ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದೆ. ಬಾಗಿಲುಗಾರ ಅಂದರೆ ಹೊಸ್ತಿಲ ಒಳಗೆ ನಿಂತು, ಹೊರಗಡೆಗೆ ಬೆನ್ನು ಮಾಡಿ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಹಿಡಿದುಕೊಳ್ಳುವವನು. ದೊಡ್ಡ ಗೌರವ. ಪಾಪ, ಸೊಣ್ಣನ ಅದಲುಮಾತು ಬಹಳ ಸಪ್ಪೆಯಾಗಿತ್ತು. ನನಗೆ ಬೇಜಾರಾಗಿ, ತಮಾಷೆಗೆ ನಾನೇ ಒಂದು ಒಳ್ಳೇ ವಾದ ಹೇಳಿಕೊಟ್ಟೆ.

ಮಾರನೇ ದಿನ ನಾನು ಎದ್ದು ನಿಂತು, ತೊಂಬತ್ತರ ದಶಕ ಅಂದರೆ ತೊಂಬತ್ತೂ ಸೇರುತ್ತೋ ಇಲ್ಲವೋ, ಹಾಗಾದರೆ ನಾನೂರರಿಂದ ಹೊಸ ಶತಮಾನ ಏಕಾಗಬಾರದು ಅಂತ ಗಂಭೀರವಾಗಿ ಕೇಳಿದೆ. ಕೊನೆಗೆ ನಿಮ್ಮನ್ನೇ ಸಾಕ್ಷಿಗೆ ಕರೆದೆ: ಎರಡು ಸಾವಿರನೇ ಇಸವಿ ಬಂದ ರಾತ್ರಿ ನೀವು ಪಟಾಕಿ ಹೊಡೆದು, ಕೇಕು ಕತ್ತರಿಸಿ, ಬೀದಿಯಲ್ಲಿ ಕುಣಿಯುವ ಚಿತ್ರ ತೋರಿಸಿದೆ. ಸಭೆ ತಲೆದೂಗಿತು. ಆಗ ಸೊಣ್ಣ ಎದ್ದ. ನನ್ನ ಪರ ನಾಲ್ಕು ಮಾತಾಡುತ್ತಾನೆಂದು ಜಾಗ ಬಿಟ್ಟುಕೊಟ್ಟೆ.

“ಅಜ್ಜಿ, ನಿಮ್ಮ ತಟ್ಟೆಗೆ ಸೊನ್ನೆ ಮುದ್ದೆ ಅಂತ ಯಾವತ್ತಾದರೂ ಬಡಿಸಿದ್ದಾರಾ? ಮೊದಲು ಬೀಳೋದೇ ಒಂದನೇ ಮುದ್ದೆ. ಹತ್ತನೇದು ತಟ್ಟೆಗೆ ಬಿದ್ದ ತಕ್ಷಣ ಊಟ ಮುಗೀತಾ? ಅದನ್ನೂ ನುಂಗಬೇಕು. ಇಸವಿನೂ ಒಂದರಿಂದಲೇ ಶುರು. ನಾನೂರನ್ನ ಪೂರ್ತಿ ನುಂಗದೆ ಕೈ ತೊಳೆಯೋ ಹಾಗಿಲ್ಲ.”

ಮಹಾಜನರೇ, ಆ ಮುದ್ದೆ ನನ್ನದು. ಸೊನ್ನೆ ಮುದ್ದೆ ಅನ್ನುವಾಗ ಹುಬ್ಬು ಎತ್ತಬೇಕು ಅಂತ ಹೇಳಿಕೊಟ್ಟವನೂ ನಾನೇ. ಅವನು ಹುಬ್ಬನ್ನೂ ಎತ್ತಿದ.

ಹಾಗಾದರೆ ನೀವು ಕುಣಿಯುವ ಆ ಚಿತ್ರದ ಗತಿ ಏನು ಅಂತ ಅಜ್ಜಿ ಅವನನ್ನು ಕೇಳಿದರೆ, “ಅವರು ಮುಂದಿನ ವರ್ಷ ‘ಇದೇ ನಿಜವಾದದ್ದು’ ಅಂತ ಇನ್ನೊಂದು ಸಲ ಕುಣಿದಿದ್ದಾರೆ ಅಜ್ಜಿ. ಕೇಕು ಸಿಗೋದಾದರೆ ಯಾರು ಬಿಡ್ತಾರೆ?” ಅಂದ. ಇದು ನಾನು ಹೇಳಿಕೊಟ್ಟದ್ದಲ್ಲ, ಅವನ ಸ್ವಂತದ್ದು. ಸಭೆ ಬಿದ್ದು ಬಿದ್ದು ನಕ್ಕಿತು. ಪಾಪೆಮ್ಮಜ್ಜಿ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: “ಲೋ ಬೈಚ, ನಮ್ಮ ಅರವತ್ತು ಸಂವತ್ಸರದಾಗೂ ಪ್ರಭವ ಒಂದನೇದೇ. ಕೊನೇದಾದ ಅಕ್ಷಯ ಪೂರ್ತಿ ಕಳೆದ ಮೇಲೇ ಮತ್ತೆ ಪ್ರಭವ. ಇನ್ನೊಂದು ವರ್ಷ ತಡಕೊಳ್ಳಪ್ಪ.” ತಡೆದುಕೊಂಡರೆ ನನಗೆ ಹತ್ತೊಂಬತ್ತಾಗುತ್ತದೆ ಅನ್ನುವುದು ಆಕೆಗೆ ಹೊಳೆಯಲೇ ಇಲ್ಲ. ಸೊಣ್ಣನಿಗೆ ಮಾತ್ರ ಹೊಳೆದಿತ್ತು.

ಅವನು ಹೀಗೆ ಮಾಡಿದ, ಇರಲಿ. ನನ್ನ ಹೊಟ್ಟೆ ಉರಿಯುವುದು ನಿಮ್ಮ ಮೇಲೆ. ಎರಡೂ ವರ್ಷ ಕುಣಿದಿರಲ್ಲ, ಯಾವುದು ಸರಿ ಅಂತ ಒಬ್ಬರಾದರೂ ಗಟ್ಟಿಯಾಗಿ ಹೇಳಿ ಸಾಯಬಾರದಿತ್ತೇ? ನಿಮಗೇನು, ದಿನಾ ಬಿಸಿಲು. ಎರಡು ಸಾವಿರದ ನೂರು ನಿಮ್ಮ ಮುಂದೆಯೇ ಇದೆ. ದಯವಿಟ್ಟು ಆ ಸಲ ಒಂದೇ ಬಾರಿ ಕುಣಿಯಿರಿ.

ನಿನ್ನೆ ಸೊಣ್ಣ ಮನೆಗೆ ಬಂದಿದ್ದ. ನಾನು ಮುಖ ತಿರುಗಿಸಿ ಅವರೆಕಾಳು ಸುಲಿಯುತ್ತಿದ್ದೆ. ಅವನೂ ಕೂತು ಸ್ವಲ್ಪ ಸುಲಿದ. ಆಮೇಲೆ ಮೆಲ್ಲಗೆ, “ಬೈಚಣ್ಣ, ನಾಳಿದ್ದು ನೀನೇ ಬಾಗಿಲುಗಾರ ಆಗೋ. ದೊಡ್ಡ ಗೌರವ ಅಂತ ನೀನೇ ಹೇಳಿದ್ದೆಯಲ್ಲ,” ಅಂದ. ಹುಬ್ಬು ಎತ್ತಲಿಲ್ಲ. ನಿಜವಾಗಿಯೇ ಕರೆಯುತ್ತಿದ್ದ, ಅದೇ ಹೆಚ್ಚು ಉರಿಯಿತು.

ಒಪ್ಪಿಕೊಂಡಿದ್ದೇನೆ. ನಾಳೆ ಬೆಳಗ್ಗೆ ಆ ಕಬ್ಬಿಣದ ಬಾಗಿಲನ್ನು ಭುಜಕೊಟ್ಟು ಹಿಡಿದು, ಬಿಸಿಲಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಬೆನ್ನು ಮಾಡಿ ನಿಲ್ಲುತ್ತೇನೆ ಅಂತಷ್ಟೇ ಸೊಣ್ಣನಿಗೆ ಆಣೆ ಮಾಡಿರುವುದು. ಎಷ್ಟು ಹೊತ್ತು ಅಂತ ಅವನು ಕೇಳಲಿಲ್ಲ.

ಇಂತಿ ನಿಮ್ಮ ಮರಿಮರಿಮೊಮ್ಮಗ,
ಬೈಚೇಶ, ಗಣಿಯೊಳಗಿಂದ