ಬ್ಯಾಟರಿಯಿಲ್ಲದ ಕಾರು ಕಲಿಸಿದ ಸೊನ್ನೆ

ಮಾನ್ಯ ಕುಲಪತಿಗಳೇ,

ತಮ್ಮ ಸಹಿಯಿರುವ ಪ್ರಮಾಣಪತ್ರವೊಂದನ್ನು ನಂಬಿ ಕಳೆದ ತಿಂಗಳು ನಮ್ಮ ಬಸ್ ಡಿಪೊದಲ್ಲಿ ಹಿರಿಯರೊಬ್ಬರು ಜೀವ ಕಳೆದುಕೊಳ್ಳುವುದರಲ್ಲಿದ್ದರು. ಆ ಪ್ರಮಾಣಪತ್ರ ನನ್ನದು. ಇದನ್ನು ತಮ್ಮ ದೂರುಪೆಟ್ಟಿಗೆಗೆ ಹಾಕಬಹುದಿತ್ತು, ನಿಜ. ವಿದ್ಯಾರ್ಥಿನಿಯಾಗಿದ್ದಾಗ ಮೂರು ಪತ್ರ ಹಾಕಿದ್ದೆ. ಪೆಟ್ಟಿಗೆಯ ಬೀಗ ಬಹಳ ಗಟ್ಟಿಯಾಗಿದೆ, ಅದನ್ನು ತೆರೆದವರನ್ನು ಮಾತ್ರ ಯಾರೂ ಕಂಡಿಲ್ಲ.

ನಾನು ಏಳು ವರ್ಷ ಡೀಸೆಲ್ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದವಳು. ಅದರ ನಡುವೆಯೇ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದೆ. ಡಿಪೊಗೆ ವಿದ್ಯುತ್ ಬಸ್ಸುಗಳು ಬರುವುದು ಖಚಿತವಾದಾಗ, ನಾವೆಲ್ಲ ದೊಡ್ಡಣ್ಣ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ ಮ್ಯಾನೇಜರ ಮೇಜಿನ ಮುಂದೆ ನಿಂತು ನನಗೆ ಎರಡು ವರ್ಷದ ರಜೆ ಕೊಡಿಸಿದರು. "ಹೋಗಿ ಕಲ್ತ್ಕೊಂಡು ಬಾ ತಾಯಿ. ನಾವು ಹಳಬ್ರು ನಿನ್ನ ನೋಡಿ ಕಲೀತೀವಿ. ಪುಸ್ತಕದ ಬದನೆಕಾಯಿ ಆಗಿ ಮಾತ್ರ ಬರ್ಬೇಡ" ಎಂದರು. ಹಾಗೆ ನಾನು ಸುಸ್ಥಿರ ವಿದ್ಯುತ್ ಶಕ್ತಿ ಮತ್ತು ವಿದ್ಯುತ್ ವಾಹನಗಳ ತಮ್ಮ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ.

ಪ್ರಯೋಗಾಲಯದ ನೀಲಿ ಕಾರು ತಮಗೆ ನೆನಪಿರಲೇಬೇಕು. ಉದ್ಘಾಟನೆಯ ದಿನ ತಾವೇ ಸ್ಟಿಯರಿಂಗ್ ಹಿಡಿದು ಕೂತಿದ್ದಿರಿ. ಕಾರು ಇಪ್ಪತ್ತು ಅಡಿ ಚಲಿಸಿತು. ಇಳಿದವರೇ "ಎಷ್ಟು ನಿಶ್ಶಬ್ದ ನೋಡಿ, ಇದೇ ಭವಿಷ್ಯ" ಎಂದು ಅಪ್ಪಣೆ ಕೊಡಿಸಿದಿರಿ. ನಿಶ್ಶಬ್ದವಾಗಿರದೆ ಇನ್ನೇನಾದೀತು ಸ್ವಾಮಿ? ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ಫೋಟೊದಲ್ಲಿ ಕಾಣದಂತೆ ಬಗ್ಗಿ ನಾವು ನಾಲ್ವರು ಹಿಂದಿನಿಂದ ತಳ್ಳುತ್ತಿದ್ದೆವು. ಅವತ್ತು ನಾವೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಆ ನಗುವಿಗೆ ಈಗ ನಾಚಿಕೆಯಾಗುತ್ತದೆ. ಬ್ಯಾಟರಿ ಮುಂದಿನ ಸೆಮಿಸ್ಟರಿಗೆ ಬರುತ್ತದೆ ಎಂದು ನಾಲ್ಕು ಸೆಮಿಸ್ಟರೂ ನಮ್ಮ ಮೂಗಿಗೆ ತುಪ್ಪ ಸವರಿದಿರಿ.

ಅದೇ ಕಾರಿನ ಮೇಲೆ ನಮಗೆ ಸುರಕ್ಷತೆಯ ಪಾಠ ನಡೆಯಿತು. ಸ್ವಿಚ್ಚು ತೆಗೆಯುವುದು, ಬೀಗ ಹಾಕುವುದು, ಮೀಟರಿನ ಮೊನೆ ತಾಗಿಸುವುದು, ಸೊನ್ನೆ ಎಂದು ಬರೆಯುವುದು. ಇಲ್ಲದ ಬ್ಯಾಟರಿ ಸೊನ್ನೆಯಲ್ಲದೆ ಬೇರೇನು ತೋರಿಸೀತು? ಅಳೆಯುವ ಮೊದಲು ಮೀಟರನ್ನು ಕರೆಂಟಿರುವ ಕಡೆ ತಾಗಿಸಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕೆಂಬ ನಿಯಮವನ್ನು ನಾನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದೆ. ತೊಂಬತ್ತೊಂದು ಅಂಕ ಬಂತು. ಕರೆಂಟಿರುವ ಕಡೆ ಎನ್ನುವುದೇ ಆ ಕಾರಿನಲ್ಲಿ ಇರಲಿಲ್ಲವಾದ್ದರಿಂದ ಕೈಗೆ ಆ ಅಭ್ಯಾಸ ಬರಲಿಲ್ಲ. ಎರಡು ವರ್ಷ ಸೊನ್ನೆ ನೋಡಿ ನೋಡಿ, ಸೊನ್ನೆ ಕಂಡರೆ ನಂಬುವುದೊಂದೇ ನನ್ನ ಕೈ ಕಲಿತದ್ದು.

ನಮ್ಮ ಡಿಪೊದಲ್ಲೊಂದು ಕಟ್ಟಳೆಯಿದೆ. ಬಸ್ಸಿನ ಬ್ಯಾಟರಿ ಸಂಪರ್ಕ ತಪ್ಪಿಸಿದವರು ಅಲ್ಲಿ ತಮ್ಮ ಕೆಂಪು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸುತ್ತಾರೆ. ಅವರು ಸೊನ್ನೆ ಎಂದ ಮೇಲೆಯೇ ಇನ್ನೊಬ್ಬರು ಒಳಗೆ ಕೈ ಹಾಕುವುದು. ತಮ್ಮ ಪ್ರಮಾಣಪತ್ರ ನೋಡಿ ಮ್ಯಾನೇಜರು ನನಗೆ ಆ ಬೀಗ ಕೊಟ್ಟರು. ಮೊದಲ ಬಸ್ಸಿಗೆ ಬೀಗ ಹಾಕಿದೆ, ಮೀಟರ್ ಇಟ್ಟೆ, "ಸೊನ್ನೆ ದೊಡ್ಡಣ್ಣ" ಎಂದೆ. ಅವರು ಗೇಣು ದೂರದವರೆಗೆ ಕೈ ಚಾಚಿ, ಯಾಕೋ ನಿಲ್ಲಿಸಿದರು. "ಮೀಟರ್ ಕೊಡು ಇಲ್ಲಿ" ಎಂದು ಅದನ್ನು ಪಕ್ಕದ ಡೀಸೆಲ್ ಬಸ್ಸಿನ ಬ್ಯಾಟರಿಗೆ ತಾಗಿಸಿದರು. ಅಲ್ಲೂ ಸೊನ್ನೆ. ಮೀಟರಿನ ತಂತಿ ಒಳಗೇ ತುಂಡಾಗಿತ್ತು. ಬೇರೆ ಮೀಟರ್ ತಂದು ಅಳೆದರೆ ಆರುನೂರು ವೋಲ್ಟ್. ಬಸ್ಸಿನೊಳಗಿನ ಸ್ವಿಚ್ಚೊಂದು ಬೆಸೆದುಕೊಂಡು, ನಾನು ಬೀಗ ಹಾಕಿದ ಮೇಲೂ ಕರೆಂಟು ಬಿಡುತ್ತಲೇ ಇತ್ತು.

ದೊಡ್ಡಣ್ಣ ಬೈಯಲಿಲ್ಲ. "ಇದನ್ನ ಅಲ್ಲಿ ಹೇಳ್ಕೊಡ್ಲಿಲ್ವಾ?" ಎಂದರು. "ಹೇಳ್ಕೊಟ್ರು. ಬರೆದೆ" ಎಂದೆ. ಅವರು ಬಟ್ಟೆಯ ಕೈಗವಸು ಬಿಚ್ಚಿ ಟೂಲ್‌ಬಾಕ್ಸಿನ ಮೇಲೆ ಕೂತುಬಿಟ್ಟರು. ಅರವತ್ತರ ಹತ್ತಿರದ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗಾಗಿ ಮ್ಯಾನೇಜರ ಮುಂದೆ ಮುಗಿದ ಕೈ ಅದು. ಅವರಿಗೆ ಮೋಸ ಮಾಡಿದ್ದು ನಾನೋ ತಾವೋ, ಇದೊಂದಕ್ಕೆ ಉತ್ತರ ಕೊಡಿ.

ನನ್ನ ಪ್ರಮಾಣಪತ್ರವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಕೆಂಪು ಬೀಗವನ್ನೂ ಮ್ಯಾನೇಜರಿಗೆ ಒಪ್ಪಿಸಿದ್ದೇನೆ. "ಅಧಿಕ ವೋಲ್ಟೇಜ್ ಸುರಕ್ಷತೆಯಲ್ಲಿ ತರಬೇತಿ ಹೊಂದಿದವರು" ಎಂಬ ಸಾಲನ್ನು ತಮ್ಮ ಕೈಯಾರೆ ಹೊಡೆದುಹಾಕಿ. ಆ ಕಾರಿಗೆ ಬ್ಯಾಟರಿ ಹಾಕಿಸಿ, ನಮ್ಮನ್ನು ಮತ್ತೆ ಕರೆದು ಕಲಿಸಿ. ಅಲ್ಲಿಯವರೆಗೆ ಇನ್ನೊಂದು ಪ್ರಮಾಣಪತ್ರಕ್ಕೂ ಸಹಿ ಹಾಕಬೇಡಿ. ನನ್ನ ತರಗತಿಯ ಉಳಿದ ಮೂವತ್ತೊಂದು ಮಂದಿ ಇವತ್ತು ಬೇರೆ ಬೇರೆ ಡಿಪೊಗಳಲ್ಲಿ ಜೇಬಿನಲ್ಲಿ ಕೀಲಿ ಇಟ್ಟುಕೊಂಡು ಸೊನ್ನೆ ಎನ್ನುತ್ತಿದ್ದಾರೆ. ಅವರ ಮಾತು ನಂಬಿ ಕೈ ಹಾಕುವವರೆಲ್ಲ ದೊಡ್ಡಣ್ಣನ ಹಾಗೆ ಅರ್ಧಕ್ಕೇ ನಿಲ್ಲಿಸುವವರಲ್ಲ.

ಇಂತಿ,
ತಾವು ಕೂತ ಕಾರನ್ನು ಹಿಂದಿನಿಂದ ತಳ್ಳಿದ ನಾಲ್ವರಲ್ಲಿ ಒಬ್ಬಳು
(ಪ್ರಥಮ ದರ್ಜೆಯಲ್ಲಿ ತೇರ್ಗಡೆ)