ಕೊಂಬಿನಲ್ಲೊಂದು ತೂತು

೧೪ನೇ ತಾರೀಖು, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ನಿನ್ನ ಮೊಣಕಾಲು ಮೆಟ್ಟಿಲಿನ ಮೇಲೆ ಇನ್ನೂ ಮುನಿಸಿಕೊಂಡಿದೆಯೋ, ರಾಜಿಯಾಯಿತೋ? ನಿನ್ನಾಕೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯ ಮೂಲೆಮೂಲೆಯ ಧೂಳೆಲ್ಲ ಕಾಣಿಸಿ ನಿನಗೆ ಕೆಲಸ ಹೆಚ್ಚಾಗಿದೆಯಂತೆ, ಒಳ್ಳೆಯದೇ ಆಯಿತು. ದೊಡ್ಡವಳ ಕೆಮ್ಮು ನಿಂತಿತೆ? ನಿಮ್ಮ ಕಡ್ಡಿ ಪೈಲ್ವಾನ ಈಗಲಾದರೂ ತಟ್ಟೆ ಖಾಲಿ ಮಾಡುತ್ತಾನೋ? ಇಲ್ಲಿ ನಾವು ಮೂವರೂ ಕ್ಷೇಮ. ಮಗಳಿಗೆ ಆಸ್ಪತ್ರೆಯಲ್ಲಿ ಈ ತಿಂಗಳು ಬೆಳಗಿನ ಪಾಳಿ. ಅವಳ ಮಗಳು ನಮ್ಮ ಚೂಟಿ ಒಂದೂವರೆ ಇಂಚು ಬೆಳೆದಿದ್ದಾಳೆ. ಅಂದಾಜಿನ ಮಾತಲ್ಲ, ಟೇಪು ಹಿಡಿದು ಹೇಳುತ್ತಿದ್ದೇನೆ.

ಉತ್ತರ ತಡವಾದದ್ದಕ್ಕೆ ಕ್ಷಮಿಸು. ಅಂಚೆಯವನ ತಪ್ಪಿಲ್ಲ. ನಿನ್ನ ಕಾಗದ ಬಂದ ದಿನವೇ ಒಂದು ಬರೆದೆ, ಹರಿದೆ. ಎರಡು ದಿನ ಬಿಟ್ಟು ಇನ್ನೊಂದು ಬರೆದೆ. ಅದರಲ್ಲಿ ನಿನ್ನನ್ನು ಕರೆದ ಹೆಸರುಗಳನ್ನು ಅಂಚೆಚೀಟಿ ಹಚ್ಚಿ ಕಳಿಸುವುದು ಒಡಹುಟ್ಟಿದವಳಿಗೆ ಶೋಭೆಯಲ್ಲ ಎನ್ನಿಸಿ ಅದನ್ನೂ ಹರಿದೆ. ಇದು ಮೂರನೆಯದು. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಕಾಗದ ಮುಗಿಯುತ್ತಾ ಬಂದಿದೆ, ಅಷ್ಟೆ.

ಗಿಟಾರಿನ ವಿಷಯಕ್ಕೇ ಬರುತ್ತೇನೆ. ಹೋದ ವರ್ಷ ಚಿಕ್ಕ ಮನೆಗೆ ಸಾಮಾನು ಸಾಗಿಸುವಾಗ ಅದನ್ನು ಪೆಟ್ಟಿಗೆ ಸಮೇತ ಇಲ್ಲಿಗೆ ತಂದು ಚೂಟಿಯ ಮಡಿಲಲ್ಲಿ ಇಟ್ಟವನು ನೀನು. "ಇನ್ಮೇಲೆ ಇದು ನಿಂದು ಕಣೇ. ನನ್ನ ಹತ್ರ ಇದ್ರೆ ಕಪಾಟಿಗೆ ಸಂಗೀತ ಹೇಳಿಕೊಡುತ್ತೆ ಅಷ್ಟೆ" ಎಂದವನೂ ನೀನೇ. ಆ ಮಗು ಅಂದಿನಿಂದ ನಿನ್ನನ್ನು ಗಿಟಾರಜ್ಜ ಎಂದೇ ಕರೆಯುತ್ತದೆ. ಅದನ್ನು ಅವಳಿಗೆ ಹೊಂದುವಂತೆ ಸ್ವಲ್ಪ ಬದಲಾಯಿಸಬೇಕು ಎಂದು ನಾನು ಬರೆದದ್ದಕ್ಕೆ ಈಗ ನಾಲ್ಕು ಪುಟ ಉತ್ತರ ಬರೆದಿದ್ದೀಯ. ಒಂದು ಸ್ಕ್ರೂ ಕದಲಿಸಬಾರದಂತೆ. ತೂತು ಕೊರೆಯುವ ಮಾತನ್ನು ಕನಸಿನಲ್ಲೂ ಆಡಬಾರದಂತೆ. ಬಣ್ಣ, ತಿರುಗಣೆ, ಒಳಗಿನ ತಂತಿ, ಎಲ್ಲವೂ ಒರಿಜಿನಲ್ ಅಂತೆ. ದಾನ ಕೊಟ್ಟ ಹಸುವಿನ ಹಲ್ಲನ್ನು ಪಡೆದವರು ಎಣಿಸುವುದನ್ನು ಕೇಳಿದ್ದೆ. ಕೊಟ್ಟವನೇ ವರ್ಷ ಬಿಟ್ಟು ಬಂದು ಬಾಯಿ ಬಿಡಿಸಿ ಎಣಿಸುವುದನ್ನು ಈಗಲೇ ಕಂಡದ್ದು.

ನೀನು ಒಮ್ಮೆಯಾದರೂ ಬಂದು ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಚೂಟಿ ಎಡಗೈಯವಳು, ಗಿಟಾರು ಬಲಗೈಯವರದು. ಅವಳು ಅದನ್ನು ತಲೆಕೆಳಗು ಮಾಡಿ ಹಿಡಿಯುತ್ತಾಳೆ. ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಹೋಗುತ್ತದೆ. ಬೆಲ್ಟು ಸಿಕ್ಕಿಸುವ ಗುಂಡಿ, ಕುತ್ತಿಗೆಯ ಎರಡು ಪಕ್ಕ ಚಾಚಿಕೊಂಡ ಕೊಂಬುಗಳಲ್ಲಿ ಮೇಲಿನದರಲ್ಲಿರಬೇಕು, ಅದು ಕೆಳಗಿನ ಕೊಂಬಿಗೆ ಬರುತ್ತದೆ. ಕೈ ಬಿಟ್ಟರೆ ಇಡೀ ಗಿಟಾರು ತೂಕಡಿಸುವವರ ಹಾಗೆ ಮುಂದಕ್ಕೆ ವಾಲುತ್ತದೆ. ಸದ್ದು ಏರಿಸಿ ಇಳಿಸುವ ತಿರುಗಣೆ ಸರಿಯಾಗಿ ಅವಳ ಮುಂಗೈ ಕೆಳಗೆ. ಹಾಡು ಇನ್ನೇನು ಏರಿತು ಎನ್ನುವಾಗ ಕೈ ತಾಗಿ ಸದ್ದು ಸತ್ತೇ ಹೋಗುತ್ತದೆ. ಇಷ್ಟಾದರೂ ಆ ಹುಡುಗಿ ತನ್ನದೇ ಒಂದು ರಾಗ ಕಟ್ಟಿಕೊಂಡಿದ್ದಾಳೆ. ಪಕ್ಕದ ಮನೆಯ ಮೇಸ್ತ್ರಿ, ಯಾರನ್ನೂ ಹೊಗಳಿದವನಲ್ಲ, ಗೋಡೆಯಾಚೆಯಿಂದ "ಯಾರಮ್ಮ ಅದು, ಇನ್ನೊಂದ್ಸಲ ಬಾರಿಸೋಕೆ ಹೇಳಿ" ಎಂದು ಕೂಗಿದ.

ಹಾಗಾಗಿಯೇ ಅದನ್ನು ವಾದ್ಯ ರಿಪೇರಿಯವನ ಹತ್ತಿರ ಒಯ್ದದ್ದು. ಅವನು ಒಳ್ಳೆಯವನು, ಕಿವಿಯ ಮೇಲೆ ಪೆನ್ಸಿಲು, ಬಾಯಲ್ಲಿ ಗಾದೆ. ತಿರುಗಿಸಿ ಮುರುಗಿಸಿ ನೋಡಿ ಹೇಳಿದ: ಕುತ್ತಿಗೆ ತುದಿಯಲ್ಲಿ ತಂತಿ ಕೂರುವ ಮೂಳೆಪಟ್ಟಿಯನ್ನು ಹೊಸದಾಗಿ ಕೆತ್ತಬೇಕು, ಇನ್ನೊಂದು ಕೊಂಬಿಗೆ ತೂತು ಕೊರೆದು ಗುಂಡಿ ಹಾಕಬೇಕು, ತಿರುಗಣೆಗಳನ್ನು ಆಚೆ ಸರಿಸಿ ಹಳೆಯ ತೂತು ಮುಚ್ಚಬೇಕು.

"ಆಗೋದೇನೋ ಆಗುತ್ತಮ್ಮ. ಆದ್ರೆ ಕೊರೆದ ಮೇಲೆ ಕೊರೆದ ಹಾಗೇ. ಆಮೇಲೆ ಬಂದು ನನ್ನನ್ನ ಬೈಬೇಡಿ."

"ನನ್ನದೂ ಕತ್ತರಿ ಕಸುಬೇ ಕಣಪ್ಪ. ಕತ್ತರಿಸಿದ ಮೇಲೆ ಅಳೋರನ್ನ ನಲವತ್ತು ವರ್ಷ ಸಮಾಧಾನ ಮಾಡಿದೀನಿ" ಎಂದೆ.

ಅಲ್ಲಿ ಸ್ಟೂಲಿನ ಮೇಲೆ ಒಬ್ಬರು ಕೂತಿದ್ದರು, ಹಳೆಯ ಗಿಟಾರು ಕೂಡಿಡುವವರಂತೆ. ಜೇಬಿನಿಂದ ಭೂತಗನ್ನಡಿ ತೆಗೆದು ಬಾಗಿಯೇಬಿಟ್ಟರು, ವೈದ್ಯರು ನಾಲಿಗೆ ನೋಡುವ ಹಾಗೆ. "ಅಯ್ಯೋ ತಾಯಿ, ಇದನ್ನ ಕೊರೆಸ್ತೀರಾ? ಪಾಪ ಬರುತ್ತೆ! ಈ ಸ್ಕ್ರೂ ನೋಡಿ, ಈ ತುಕ್ಕು ನೋಡಿ. ತುಕ್ಕೂ ಒರಿಜಿನಲ್!"

"ನನ್ನ ಸೊಂಟನೋವೂ ಒರಿಜಿನಲ್ಲೇ ಸ್ವಾಮಿ. ಯಾರೂ ಗಾಜಿನ ಪೆಟ್ಟಿಗೇಲಿ ಇಡ್ಲಿಲ್ಲ. ಅಂದ ಹಾಗೆ, ನೀವು ಬಾರಿಸ್ತೀರಾ?"

"ಛೆ ಛೆ. ಮನೇಲಿ ಹನ್ನೊಂದಿವೆ. ಒಂದನ್ನೂ ಮುಟ್ಟಲ್ಲ."

ಕೇಳಿದೆಯಾ? ಹನ್ನೊಂದು ಗಿಟಾರು, ಹನ್ನೊಂದೂ ಮೂಕ. ಅದನ್ನೇ ಅವರು ಹೆಮ್ಮೆಯಿಂದ ಹೇಳಿಕೊಂಡರು. ರಿಪೇರಿಯವನು ನಗು ತಡೆಯಲಾರದೆ ಮೇಜಿನ ಕೆಳಗೆ ಏನನ್ನೋ ಹುಡುಕುವವನ ಹಾಗೆ ಬಗ್ಗಿದ. ನಿನ್ನ ಕಾಗದ ಓದಿದಾಗ ನನಗೆ ಆ ಭೂತಗನ್ನಡಿಯವರೇ ನಿನ್ನ ಪಕ್ಕ ಕೂತು ಬರೆಸಿದಂತಿತ್ತು.

ನಾನು ಹೆಚ್ಚು ಓದಿದವಳಲ್ಲ. ಬಟ್ಟೆ ಸುತ್ತಿ ಬಂದ ಪೇಪರಿನಲ್ಲಿ ಅಕ್ಷರ ಕಲಿತವಳು. ಆದರೆ ಬಿಚ್ಚಿ ಹೊಲಿಯುವ ಕೆಲಸ ನನಗೆ ಗೊತ್ತು. ಹಿಂದೆ ಒಬ್ಬಾಕೆ ತೀರಿಕೊಂಡ ತಾಯಿಯ ಕೋಟು ತಂದಿದ್ದಳು. ಭುಜ ಜೋತುಬೀಳುತ್ತಿತ್ತು. "ಅಮ್ಮನ ಕೈ ಹೊಲಿಗೆ, ಬಿಚ್ಚಿ ಅನ್ನೋಕೆ ಬಾಯಿ ಬರಲ್ಲ" ಎಂದು ನನ್ನ ಅಂಗಡಿಯಲ್ಲೇ ಅತ್ತಳು. ನಾನು ಬಿಚ್ಚಿದೆ. ಇವತ್ತಿಗೂ ಚಳಿ ಬಿದ್ದ ಕೂಡಲೇ ಅದೇ ಕೋಟು ತೊಟ್ಟು ನಮ್ಮ ಬೀದಿಯಲ್ಲಿ ಹೋಗುತ್ತಾಳೆ, ಕೈಯೆತ್ತುತ್ತಾಳೆ. ಬಟ್ಟೆ ಮೈಗೆ ಹಿಡಿಯದಿದ್ದರೆ ಬಟ್ಟೆಯನ್ನು ಬಿಚ್ಚುತ್ತೇವೆ ತಮ್ಮಾ. ಗಿರಾಕಿಯ ಭುಜವನ್ನೇ ಕೊಯ್ಯುವ ದರ್ಜಿಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಎಡಗೈಯವರ ಗಿಟಾರು ಬೇರೆಯೇ ಸಿಗುತ್ತದೆ, ತರಿಸಿಕೊಳ್ಳಿ ಎಂದೂ ಬರೆದಿದ್ದೀಯ. ಸಿಗುತ್ತದೆ, ಕೇಳಿದ್ದೇನೆ. ಚೂಟಿಗೂ ಹೇಳಿದೆ. "ಅದು ಅಂಗಡಿ ಗಿಟಾರು, ಇದು ಗಿಟಾರಜ್ಜಂದು" ಎಂದಳು. ಮುಂದೆ ಮಾತೇ ಇಲ್ಲ. ನಿನ್ನದೇ ಬೇಕೆನ್ನುವ ಒಂದು ಜೀವ ಈ ಲೋಕದಲ್ಲಿ ಇದೆ. ಅದರ ಮೇಲೆ ನಿನಗೆ ಸಿಟ್ಟು!

ಇವೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ. ನುಂಗಲಾರದ್ದು ಮೂರನೇ ಪುಟದ ಕೊನೆಯ ಸಾಲು: "ಅವಳಿನ್ನೂ ಚಿಕ್ಕವಳು, ಬಲಗೈಯಲ್ಲೇ ಬಾರಿಸಲಿ, ನಾಲ್ಕು ದಿನ ಕಷ್ಟ, ಆಮೇಲೆ ರೂಢಿಯಾಗುತ್ತದೆ." ಆ ಕಾಗದವನ್ನು ನಾನು ಹೊಲಿಗೆ ಮಿಷನ್ನಿನ ಮೇಲೆ ಬಿಟ್ಟಿದ್ದೇ ತಪ್ಪಾಯಿತು. ಚೂಟಿ ಓದಿಕೊಂಡಿದ್ದಾಳೆ. ನನಗೆ ತಿಳಿಯಲೇ ಇಲ್ಲ. ಮೊನ್ನೆ ಬುಧವಾರ ಅವಳು ಶಾಲೆಯ ಲೆಕ್ಕ ಬರೆಯುತ್ತಾ ಕೂತಿದ್ದಳು. ಅಂಕಿಗಳು ಕುಡಿದವರ ಹಾಗೆ ಅತ್ತಿತ್ತ ವಾಲುತ್ತಿದ್ದವು. ನೋಡಿದರೆ ಪೆನ್ನು ಬಲಗೈಯಲ್ಲಿದೆ. ಎಡಗೈ ಎಲ್ಲಿ ಎಂದು ಹುಡುಕಿದರೆ, ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಕೂತಿದ್ದಾಳೆ.

"ಇದೇನೇ ಇದು?"

"ಅದಕ್ಕೆ ಬುದ್ಧಿ ಕಲಿಸ್ತಿದೀನಿ ಅಜ್ಜಿ. ಲೆಕ್ಕದಲ್ಲಿ ರೂಢಿ ಆದ್ರೆ ಗಿಟಾರಲ್ಲೂ ಆಗುತ್ತೆ. ಆಗ ಗಿಟಾರಜ್ಜ ಬೈಯಲ್ಲ."

ಎಬ್ಬಿಸಿ ಕೈ ಹೊರಗೆಳೆದೆ. ಬೆರಳುಗಳು ಬೆಳ್ಳಗಾಗಿದ್ದವು, ಕುರ್ಚಿಯ ಬೆತ್ತದ ಗೆರೆ ಅಂಗೈಯಲ್ಲಿ ಮೂಡಿತ್ತು. ಉಜ್ಜಿ ಉಜ್ಜಿ ಬಿಸಿ ಮಾಡಿದೆ. ಅಲ್ಲ ತಮ್ಮಾ, ಒಂದು ಮರದ ಹಲಗೆಗೆ ತೂತು ಬೀಳಬಾರದು, ಅದು ಹುಟ್ಟಿದ ಹಾಗೇ ಇರಬೇಕು. ಆದರೆ ಹುಟ್ಟಿದ ಮಗು ಮಾತ್ರ ಹುಟ್ಟಿದ ಹಾಗೆ ಇರಬಾರದು! ಇದು ಯಾವ ನ್ಯಾಯ? ಹೇಳು, ನಾನೂ ಕೇಳುತ್ತೇನೆ.

ಮರುದಿನವೇ ಗಿಟಾರನ್ನು ಮತ್ತೆ ಒಯ್ದು ಕೊಟ್ಟು ಬಂದೆ. ರಿಪೇರಿಯವನು ಕೊಂಬಿನ ಮೇಲೆ ಪೆನ್ಸಿಲಿನಿಂದ ಚಿಕ್ಕ ಗುರುತು ಹಾಕಿ ಇಟ್ಟಿದ್ದಾನೆ. ಬರುವ ಶನಿವಾರ ಬೆಳಿಗ್ಗೆ ಕೊರೆಯುತ್ತಾನೆ. ನಾನು ನಿನ್ನ ಅನುಮತಿ ಕೇಳುತ್ತಿಲ್ಲ, ಸುದ್ದಿ ತಿಳಿಸುತ್ತಿದ್ದೇನೆ. ಬೇಕಾದರೆ ಭೂತಗನ್ನಡಿ ಹಿಡಿದುಕೊಂಡು ಬಂದು ತೂತಿನ ಮುಂದೆ ಅಳು. ಚಹಾ ಮಾಡಿಕೊಡುತ್ತೇನೆ.

ನಿನ್ನಾಕೆಗೆ ನನ್ನ ನೆನಪು ಹೇಳು, ಕಣ್ಣಿಗೆ ಸೋಪು ನೀರು ತಾಗಿಸಬೇಡ ಎನ್ನು. ಮಕ್ಕಳು ನೂರು ಕಾಲ ಬಾಳಲಿ. ನಿನಗೂ ನೆಮ್ಮದಿ ಇರಲಿ, ಜೊತೆಗೆ ಸ್ವಲ್ಪ ಬುದ್ಧಿಯೂ ಬರಲಿ.

ಇಂತಿ ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಹರಿದು ತೆಗೆದಿದ್ದೇನೆ.

ಮೇಲಿನದೆಲ್ಲ ನಿಜವೇ. ಆದರೆ ಅಷ್ಟೂ ಸಿಟ್ಟು ನಿನ್ನ ಮೇಲಿನದಲ್ಲ. ನೀನೂ ಎಡಗೈಯವನೇ ತಮ್ಮಾ. ನಿನಗೆ ನೆನಪಿರಲಾರದು, ಆಗ ನಿನಗೆ ಐದು ತುಂಬಿರಲಿಲ್ಲ. ಚಮಚ, ಬಳಪ, ಎಸೆಯುವ ಕಲ್ಲು, ಎಲ್ಲ ಎಡಗೈಯಲ್ಲೇ. ರಜೆ ಮುಗಿಯುವುದರೊಳಗೆ ತಿದ್ದಿ ಕಳಿಸಿ ಎಂದು ಶಾಲೆಯ ಟೀಚರು ಚೀಟಿ ಕೊಟ್ಟರು. ಅಮ್ಮನಿಗೆ ಎರಡು ಕಡೆ ಕೆಲಸ, "ನೀನೇ ನೋಡ್ಕೊಳ್ಳೇ" ಎಂದಳು. ನನಗೆ ಹದಿಮೂರು. ನಾನು ನಿನ್ನ ಅಂಗಿಗಳ ಎಡತೋಳಿನ ಬಾಯಿಯನ್ನು ಹೊಲಿದುಬಿಟ್ಟೆ, ಚೀಲದ ಬಾಯಿ ಹೊಲಿದ ಹಾಗೆ. "ಅಕ್ಕಾ, ನನ್ನ ಕೈ ಎಲ್ಲೋಯ್ತು?" ಎಂದು ನೀನು ಕೇಳುತ್ತಿದ್ದೆ. "ಮಲಗಿದೆ, ಎಬ್ಬಿಸಬೇಡ" ಎಂದು ನಾನು ಹೇಳುತ್ತಿದ್ದೆ. ಆರು ವಾರ. ಟೀಚರು ನನ್ನ ಬೆನ್ನು ತಟ್ಟಿದರು. ಹೊಲಿಗೆ ಎಷ್ಟು ನೇರ ಬಂದಿದೆ ನೋಡು ಎಂದು ಅಮ್ಮ ಮೆಚ್ಚಿ, ಅದೇ ವರ್ಷ ನನ್ನನ್ನು ದರ್ಜಿ ಕೆಲಸಕ್ಕೆ ಹಾಕಿದಳು.

ದೊಡ್ಡವನಾಗಿ ನೀನು ಇದೇ ಗಿಟಾರು ಬಾರಿಸುತ್ತಿದ್ದ ವಾದ್ಯಗೋಷ್ಠಿಯವರು ನಿನ್ನನ್ನು ಕೈಬಿಟ್ಟ ದಿನ ನೀನು ನೇರ ಅಂಗಡಿಗೆ ಬಂದೆ. "ಅಕ್ಕಾ, ಎಡಗೈ ಬೆರಳು ಕುದುರೆ ಥರ ಓಡ್ತವೆ, ಬಲಗೈ ಹಿಂದೆ ಬೀಳುತ್ತೆ. ನನಗೆ ತಾಳವೇ ಇಲ್ವಂತೆ" ಎಂದೆ. ನಾನು ಗುಂಡಿ ಹೊಲಿಯುತ್ತಾ "ಹೋಗ್ಲಿ ಬಿಡು, ಬೇರೆ ಕೆಲಸ ಇಲ್ವಾ" ಎಂದೆ. ತಲೆ ಎತ್ತಲಿಲ್ಲ. ಬಲಗೈ ಯಾಕೆ ಹಿಂದೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಅಂದಿನಿಂದ ಇಂದಿನವರೆಗೂ ಗೊತ್ತಿತ್ತು.

ಅನುಮತಿ ಕೇಳುತ್ತಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿಕೋ. ಕೇಳುತ್ತಿದ್ದೇನೆ. ಒಂದು ಸಲ ನಿನ್ನನ್ನು ಕೇಳದೆ ಮಾಡಿದ್ದು ಸಾಕು. ನಿನ್ನ ಉತ್ತರ ಬರುವ ತನಕ ಕೊರೆಯಬೇಡ ಎಂದು ರಿಪೇರಿಯವನಿಗೆ ನಾಳೆಯೇ ಹೇಳಿ ಬರುತ್ತೇನೆ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಸರಿ, ಅದನ್ನು ಆ ಮಗುವಿನ ಮೇಲೆ ತೀರಿಸಬೇಡ. ಬೇಗ ಬರೆ. ಯಾವ ಕೈಯಲ್ಲಿ ಬರೆದರೂ ಓದಿಕೊಳ್ಳುತ್ತೇನೆ.